ಹೆಣ್ಣು ಗಿಡ

“ಅಜ್ಜಾರ, ಕೀಳೂದು ಇನ್ನೇನು ಉಳದೈತ್ರಿ?”

ಹೀಗೆ ಕೇಳಿದವನು ಅಡಿವೆಪ್ಪ. ನಿರುಪಾದಜ್ಜನವರ ಮಠಕ್ಕೆ ಅವನು ಬಂದು ಒಂಬತ್ತು ವರ್ಷವಾಗಿತ್ತು. ಬಂದ ದಿನ ಅಜ್ಜ ಅವನಿಗೆ ಒಂದೇ ಮಾತು ಹೇಳಿದ್ದರು: ಮೋಹವನ್ನು ಬೇರುಸಹಿತ ಕೀಳು. ಅಡಿವೆಪ್ಪ ಹೇಳಿದ್ದನ್ನು ಅಕ್ಷರಶಃ ಮಾಡುವ ಮನುಷ್ಯ. ಊರಿನ ಹೆಸರೆತ್ತುವುದನ್ನು ಬಿಟ್ಟ. ಗೆಳೆಯರನ್ನು ಬಿಟ್ಟ. ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಒಬ್ಬಳಿದ್ದಳು. ಅವಳ ಕಾಗದಗಳಿಗೆ ಉತ್ತರ ಬರೆಯುವುದನ್ನೂ ಬಿಟ್ಟ.

ಹಿಂದಿನ ಸೋಮವಾರ ಆ ಅಕ್ಕ ನಡೆದುಕೊಂಡೇ ಮಠಕ್ಕೆ ಬಂದಿದ್ದಳು. ಮಧ್ಯಾಹ್ನದವರೆಗೆ ಕಟ್ಟೆಯ ಮೇಲೆ ಕೂತಳು. ಅಡಿವೆಪ್ಪ ತನ್ನ ಕೋಣೆಯ ಕದ ತೆಗೆಯಲಿಲ್ಲ. ಅವಳು ತಂದಿದ್ದ ರೊಟ್ಟಿಗಂಟನ್ನು ಅಡುಗೆಮನೆಯಲ್ಲಿ ಕೊಟ್ಟು, ಬಂದ ದಾರಿಯಲ್ಲೇ ಹೋದಳು. ಆ ರೊಟ್ಟಿಯನ್ನು ಮಠದ ಶಿಷ್ಯರು ನಾವೆಲ್ಲ ತಿಂದೆವು. ಅವನು ಮುಟ್ಟಲಿಲ್ಲ.

“ನೀವು ಹೇಳಿದಂಗ ಎಲ್ಲಾ ಕಿತ್ತೀನ್ರಿ. ಆದ್ರೂ ಸಮಾಧಾನ ಇಲ್ಲ. ಪೂಜಿಗೆ ಕುಂತ್ರ ಬಾಯಾಗ ಮಂತ್ರ ಇರತೈತಿ, ಒಳಗ ಏನೂ ಇರೂದಿಲ್ಲ. ಎಲ್ಲೋ ಒಂದು ಬೇರು ಉಳದಿರಬೇಕು. ಯಾವುದಂತ ಹೇಳ್ರಿ, ಅದನ್ನೂ ಕೀಳತೀನಿ.”

“ಕಿತ್ತು ರೂಢಿ ಆದವರ ಕೈ ಸುಮ್ಮನ ಇರೂದಿಲ್ಲ. ಕುಂದ್ರು,” ಎಂದರು ಅಜ್ಜ. ಅವನು ಕೂತ. ನಾವೂ ಹತ್ತಿರ ಸರಿದು ಕೂತೆವು. ಅಜ್ಜ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮಾಸ್ತರ ಇದ್ದ. ಅವನ ಹೆಂಡತಿಯ ಬೆನ್ನಿನೊಳಗೆ ಗಡ್ಡೆ ಬೆಳೆದಿತ್ತು. ಅದು ವಾಸಿಯಾಗುವುದಲ್ಲ ಎಂದು ವೈದ್ಯ ಮುಚ್ಚುಮರೆಯಿಲ್ಲದೆ ಹೇಳಿದ್ದ. ಆದರೆ ನೋವಿಗೆ ಒಂದು ದಾರಿ ಇದೆ ಎಂದ. ಭಂಗಿ, ಅಂದರೆ ಗಾಂಜಾ ಗಿಡದ ಹೂವನ್ನು ತುಪ್ಪದಲ್ಲಿ ಕಾಸಿ ಕೊಟ್ಟರೆ, ಉಳಿದ ದಿನಗಳನ್ನು ಅವಳು ನರಳದೆ ಕಳೆಯಬಹುದು. ಆಯುಷ್ಯ ಹೆಚ್ಚುವುದಿಲ್ಲ, ನಿದ್ದೆ ಬರುತ್ತದೆ. ಮಾಸ್ತರನಿಗೆ ಅಷ್ಟು ಸಿಕ್ಕರೆ ಸಾಕಾಗಿತ್ತು. ಅವಳು ಹಲ್ಲು ಕಚ್ಚಿಕೊಂಡು ಮಗ್ಗುಲು ಬದಲಿಸುವುದನ್ನು ಅವನಿಗೆ ನೋಡಲಾಗುತ್ತಿರಲಿಲ್ಲ.

ಭಂಗಿ ಎಂದ ಕೂಡಲೇ ನಿಮಗೆ ಚಿಲುಮೆ ನೆನಪಾಯಿತು. ಗೊತ್ತು, ನಗಬೇಡಿ. ಆ ನಾಡಿನ ದೊರೆಗೂ ಅದೇ ನೆನಪಾಗುತ್ತಿತ್ತು. ಅದಕ್ಕೇ ಆ ಗಿಡ ಬೆಳೆಯಕೂಡದೆಂದು ಡಂಗುರ ಸಾರಿಸಿದ್ದ. ತೀರಾ ನೋವು ತಿನ್ನುವವರ ಮನೆಗೆ ಮಾತ್ರ ಅಪ್ಪಣೆ ಸಿಗುತ್ತಿತ್ತು. ಹನ್ನೆರಡು ಗಿಡ, ಒಂದು ಬೇಸಿಗೆ, ಅದೂ ಕದ ಹಾಕಿದ ಮನೆಯೊಳಗೆ. ಎರಡನೆಯ ಸಲ ಕೇಳುವಂತಿರಲಿಲ್ಲ.

ಮಾಸ್ತರ ಹಿತ್ತಲಿನಲ್ಲಿ ಒಂದು ಹಸಿರುಮನೆ ಕಟ್ಟಿದ. ಬಿದಿರಿನ ಗಳ, ಹಳೆಯ ಕಿಟಕಿಗಳಿಂದ ಬಿಚ್ಚಿದ ಗಾಜು, ಮೇಲೆ ಗೋಣಿತಟ್ಟು. ಬಿಸಿಲೇರಿದಾಗ ತಟ್ಟಿಗೆ ನೀರು ಚಿಮುಕಿಸುತ್ತಿದ್ದ. ಹೆಂಡತಿಯ ಮಂಚವನ್ನು ಹಿತ್ತಲ ಕಿಟಕಿಯ ಪಕ್ಕಕ್ಕೆ ಸರಿಸಿದ. ಮಲಗಿದಲ್ಲಿಂದಲೇ ಅವಳಿಗೆ ಒಳಗಿನ ಗಿಡಗಳು ಕಾಣುತ್ತಿದ್ದವು.

ಬೀಜ ತಂದದ್ದು ಮೂರು ಹರದಾರಿ ಆಚೆಯ ಊರಿನ ಒಬ್ಬ ಮುದುಕಿಯಿಂದ. ದೊರೆಯ ಅಪ್ಪಣೆ ಬರುವ ಮೊದಲು ಅವಳ ಮನೆಯವರು ಹೊಲಗಟ್ಟಲೆ ಭಂಗಿ ಬೆಳೆದವರು. ಈಗ ಆ ಕೆಲಸ ಬಲ್ಲವಳು ಅವಳೊಬ್ಬಳೇ ಉಳಿದಿದ್ದಳು. ಅವಳು ಬೀಜವನ್ನು ಅವನ ಅಂಗೈಗೆ ಹಾಕಿ ಹೇಳಿದಳು:

“ಮಾಸ್ತರ, ಮೊಗ್ಗು ಕಂಡ ಮ್ಯಾಲ ಹೆಣ್ಣ ಗಿಡ ಒಂದೂ ಉಳೀಬಾರದು ನೋಡ್ರಿ. ಒಂದು ಉಳದ್ರೂ ಹೂವೆಲ್ಲಾ ಬೀಜ ಆಗಿ ಹೋಗತಾವು, ಔಷಧಕ್ಕ ಬರೂದಿಲ್ಲ. ಮೊಗ್ಗು ಕಂಡ ದಿನ ಗಾಡಿ ಕಳಸ್ರಿ. ನಾನ ಬಂದು ತೋರಸ್ತೀನಿ.”

“ಈ ವಯಸ್ಸಿನಾಗ ನಿಮಗ್ಯಾಕ ತ್ರಾಸು ಯವ್ವಾ. ಗಂಡು ಹೆಣ್ಣು ನನಗ ಗೊತ್ತಾಗತೈತಿ,” ಎಂದ ಮಾಸ್ತರ.

ಆ ಮಾತು ಅವಳ ಮೇಲಿನ ಕನಿಕರದಿಂದ ಬಂತು ಎಂದೇ ಅವನು ತಿಳಿದಿದ್ದ. ಓದಿದವರಿಗೆ ಇದೊಂದು ಕಷ್ಟವಿದೆ. ಗೊತ್ತಿಲ್ಲ ಎನ್ನಲು ಅವರ ನಾಲಿಗೆ ಹೊರಳುವುದಿಲ್ಲ. ನನಗೂ ಹೊರಳುವುದಿಲ್ಲ, ಅದಕ್ಕೇ ಹೇಳಿದೆ.

ಯುಗಾದಿ ಕಳೆದು ಬಿತ್ತಿದ. ಹನ್ನೆರಡಕ್ಕೆ ಹನ್ನೆರಡೂ ಮೊಳೆತವು. ಕಾಯಿಲೆಯವಳ ಹೊಟ್ಟೆಗೆ ಹೋಗುವ ವಸ್ತು, ಒಂದು ಹನಿ ವಿಷವೂ ತಾಗಬಾರದು ಎಂದು ವೈದ್ಯ ಎಚ್ಚರಿಸಿದ್ದ. ಹಾಗಾಗಿ ಮಾಸ್ತರ ಅಂಗಡಿಯ ಗೊಬ್ಬರ ಮುಟ್ಟಲಿಲ್ಲ, ಅಂಗಡಿಯ ಔಷಧಿ ಹೊಡೆಯಲಿಲ್ಲ. ತಿಪ್ಪೆಯ ಹಳೇ ಗೊಬ್ಬರ ಹಾಕಿದ. ಬೇವಿನ ಹಿಂಡಿ ಹಾಕಿದ. ಎಲೆಗೆ ಬೂದಿರೋಗ ಬಂದಾಗ ಹುಳಿ ಮಜ್ಜಿಗೆ ಚಿಮುಕಿಸಿದ. ಹುಳುಗಳನ್ನು ಒಂದೊಂದಾಗಿ ಕೈಯಿಂದ ಆರಿಸಿ ಹೊರಗೆ ಬಿಟ್ಟುಬರುತ್ತಿದ್ದ. ಕೈಕಾಲು ತೊಳೆಯದೆ ಒಳಗೆ ಹೋಗುತ್ತಿರಲಿಲ್ಲ. ಮಡಿ ಉಟ್ಟು ಹೋಗುವುದೊಂದು ಬಾಕಿ ಇತ್ತು.

ಬಿಸಿಲು ಬಲಿಯಿತು, ಗಿಡಗಳು ಎದೆಯೆತ್ತರ ಬಂದವು. ಸಂಜೆ ಒಳಗೆ ಬಂದು ಅವನು ಹೆಂಡತಿಯ ಬೆನ್ನು ನೀವುತ್ತಿದ್ದ. ಇವತ್ತು ಯಾವ ಗಿಡ ಎಷ್ಟು ಬೆಳೆದಿದೆ ಎಂದು ಅವಳು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ. ಇನ್ನೆರಡು ತಿಂಗಳು, ಇನ್ನೊಂದು ತಿಂಗಳು ಎಂದು ಇಬ್ಬರೂ ದಿನ ಎಣಿಸುತ್ತಿದ್ದರು. ಆ ಬೇಸಿಗೆಯಲ್ಲಿ ಅವರು ಸುಖವಾಗಿಯೇ ಇದ್ದರು.

ಒಂದು ದಿನ ಮೊಗ್ಗು ಕಂಡವು. ಮಾಸ್ತರ ಗಾಡಿ ಕಳಿಸಲಿಲ್ಲ. ಕಪಾಟಿನಿಂದ ದಪ್ಪ ಪುಸ್ತಕ ತೆಗೆದ. ಅದರಲ್ಲಿ ಚಿತ್ರವಿತ್ತು. ಗಿಣ್ಣಿನ ಬಳಿ ಎರಡೆರಡು ಬಿಳಿಯ ಎಳೆ ಮೂಡಿದ್ದರೆ ಅದು ಹೆಣ್ಣು. ಸಣ್ಣ ಸಣ್ಣ ಗುಂಡು ಮೊಗ್ಗು ಜೋತಿದ್ದರೆ ಅದು ಗಂಡು. ಪುಸ್ತಕ ಹಿಡಿದುಕೊಂಡೇ ಒಂದೊಂದು ಗಿಡದ ಮುಂದೆ ನಿಂತು ನೋಡಿದ. ಏಳು ಹೆಣ್ಣು, ಐದು ಗಂಡು. ಏಳಕ್ಕೂ ದಾರ ಕಟ್ಟಿ ಗುರುತು ಮಾಡಿದ. ಮುದುಕಿಯ ಮಾತನ್ನು ಪುಸ್ತಕಕ್ಕೆ ಜೋಡಿಸಿ ಯೋಚಿಸಿದ. ಬೀಜ ಕಟ್ಟುವುದು ಹೆಣ್ಣು. ಹೆಣ್ಣನ್ನು ತೆಗೆದರೆ ಬೀಜ ಇಲ್ಲ. ಬೀಜವಿಲ್ಲದ ಹೂವು ಔಷಧ. ಮುದುಕಿ ಹೇಳಿದ್ದು ಇದನ್ನೇ. ಲೆಕ್ಕ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ, ಅವನಿಗೆ ಅನುಮಾನವೇ ಬರಲಿಲ್ಲ.

ಅವನು ಮೊದಲನೆಯ ಗಿಡಕ್ಕೆ ಕೈ ಹಾಕಿದಾಗ ಹೆಂಡತಿ ಕಿಟಕಿಯಿಂದ ಕೂಗಿದಳು.

“ಅದನ್ನ ಯಾಕ ಕೀಳತೀರಿ? ಆ ಏಳು ಗಿಡದ ಕೆಲಸ ಮಾಡಿ ಬಂದ ದಿನ ನಿಮ್ಮ ಕೈ ಅಂಟತಾವು, ಘಮಾ ಅಂತಾವು. ಔಷಧ ಅಂತ ಇದ್ರ ಅವುಗಳೊಳಗ ಇರಬೇಕಲ್ರಿ?”

“ಮುದುಕಿ ಏನು ಹೇಳ್ಯಾಳ ನಿನಗ ಗೊತ್ತಿಲ್ಲ. ಹೆಣ್ಣು ಒಂದೂ ಉಳೀಬಾರದು. ನಿನ್ನ ಸಲುವಾಗಿನ ಕೀಳಾಕತ್ತೀನಿ, ಸುಮ್ಮನ ಮಲಕೋ.”

ಅವಳು ಸುಮ್ಮನೆ ಮಲಗಿದಳು. ಅವನು ಏಳನ್ನೂ ಬೇರುಸಹಿತ ಕಿತ್ತ. ಕೀಳುವಾಗ ಅವನಿಗೂ ಸಂಕಟವಾಯಿತು. ಏಳೂ ಪೊದೆಯಂತೆ ಹಬ್ಬಿದ ಗಿಡಗಳು, ಅವನ ಕೈಯಲ್ಲೇ ಬೆಳೆದವು. ಆದರೆ ಸಂಕಟವಾದದ್ದನ್ನೇ ಅವನು ಒಳ್ಳೆಯ ಗುರುತು ಎಂದುಕೊಂಡ. ಕಷ್ಟವಾಗುವುದನ್ನು ಮಾಡುತ್ತಿದ್ದೇನೆ, ಆದ್ದರಿಂದ ಸರಿಯಾದದ್ದನ್ನು ಮಾಡುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಕುಡುಗೋಲಿನಿಂದ ಅವುಗಳನ್ನು ತುಂಡು ತುಂಡು ಮಾಡಿ, ಸಗಣಿ ನೀರು ಸುರಿದು, ಗೊಬ್ಬರದ ಗುಂಡಿಯಲ್ಲಿ ಮುಚ್ಚಿದ. ಅವನ ಹಿತ್ತಲಲ್ಲಿ ಯಾವುದೂ ವ್ಯರ್ಥವಾಗುವಂತಿರಲಿಲ್ಲ.

ಉಳಿದ ಐದು ಗಿಡ ಸಪೂರವಾಗಿ, ಎತ್ತರವಾಗಿ ನಿಂತವು. ಹೂ ಅರಳಿ ಹಳದಿ ಪುಡಿ ಉದುರಿತು. ಒಂದು ಕಾಳು ಬೀಜವೂ ಕಟ್ಟಲಿಲ್ಲ. ಮಾಸ್ತರ ಹಿಗ್ಗಿದ. ನೋಡು, ಒಂದೂ ಬೀಜವಿಲ್ಲ ಎಂದು ಹೆಂಡತಿಗೆ ತಂದು ತೋರಿಸಿದ. ಅವಳು ಮೂಸಿ ನೋಡಿ, ಅವನ ಕೈಗೇ ವಾಪಸು ಕೊಟ್ಟಳು.

ಮುಂಗಾರಿನ ಮೊದಲ ಮೋಡ ಕಟ್ಟಿದಾಗ ವೈದ್ಯ ತುಪ್ಪದ ತಂಬಿಗೆ ಹಿಡಿದು ಬಂದ. ಒಣಗುತ್ತಿದ್ದ ಹೂವನ್ನು ಬೆರಳಲ್ಲಿ ತಿಕ್ಕಿದ. ಬೆರಳಿಗೆ ಏನೂ ಅಂಟಲಿಲ್ಲ. ಅವನು ಹೊರಗೆ ಹೋಗಿ, ತನ್ನ ಗಾಡಿಯನ್ನೇ ಮುದುಕಿಯ ಊರಿಗೆ ಕಳಿಸಿದ.

ಮುದುಕಿ ಬಂದು ಹಸಿರುಮನೆಯ ಬಾಗಿಲಲ್ಲೇ ನಿಂತಳು.

“ಗಂಡು ಎಲ್ಲಿ ಹೋದುವು, ಮಾಸ್ತರ?”

“ಇವೇ ಗಂಡಲ್ಲೇನವ್ವಾ?”

“ಇವು ಹೆಣ್ಣಪ್ಪಾ. ಮನ್ಯಾಗ ಉಳದು ಫಲ ಕೊಡೂದಕ್ಕ ನಮ್ಮ ಕಡೆ ಗಂಡು ಅಂತೀವಿ. ಪುಡಿಯಾಗಿ ಗಾಳಿಗೆ ಹಾರಿ ಇನ್ನೊಂದು ಮನಿ ಸೇರೂದಕ್ಕ ಹೆಣ್ಣು ಅಂತೀವಿ. ಹೆಣ್ಣಮಕ್ಕಳು ಕೊಟ್ಟ ಮನಿಗೆ ಹೋಗೂದಿಲ್ಲೇನು, ಹಂಗ.”

ಪುಸ್ತಕ ಸುಳ್ಳು ಬರೆದಿರಲಿಲ್ಲ. ಮುದುಕಿಯೂ ಸುಳ್ಳು ಹೇಳಿರಲಿಲ್ಲ. ಗಾಡಿ ಕಳಿಸುವುದೊಂದು ಬಿಟ್ಟು, ಮಾಸ್ತರ ಇಬ್ಬರ ಮಾತನ್ನೂ ಚಾಚೂ ತಪ್ಪದೆ ನಡೆಸಿದ್ದ. ಹೆಣ್ಣು ಎಂಬ ಶಬ್ದ ಮಾತ್ರ ಒಂದು ಊರಿನಲ್ಲಿ ಒಂದು ಗಿಡದ ಮೇಲಿತ್ತು, ಇನ್ನೊಂದು ಊರಿನಲ್ಲಿ ಇನ್ನೊಂದು ಗಿಡದ ಮೇಲಿತ್ತು.

ಮಾಸ್ತರ ಗೊಬ್ಬರದ ಗುಂಡಿಗೆ ಓಡಿದ. ಬರಿಗೈಯಲ್ಲಿ ಅಗೆದ. ಏಳು ಗಿಡವೂ ಕೊಳೆತು ಕಪ್ಪು ಮಣ್ಣಾಗಿದ್ದವು. ಒಳ್ಳೆಯ ಗೊಬ್ಬರ. ಒಂದು ಎಲೆಯೂ ಕೈಗೆ ಬರಲಿಲ್ಲ. ಮುದುಕಿ ಗುಂಡಿಯ ಅಂಚಿನಲ್ಲಿ ಕುಕ್ಕರಿಸಿದಳು. ನಾನು ಹೆಸರು ಹೇಳಿದೆ, ಗಿಡ ತೋರಿಸಲಿಲ್ಲ ಎಂದು ಅತ್ತಳು. ಗಾಡಿ ಬರದೇ ಇದ್ದಾಗ ನಡೆದಾದರೂ ಬರಬೇಕಾಗಿತ್ತು ಎಂದಳು.

ಬೇಸಿಗೆ ಮುಗಿದಿತ್ತು. ದೊರೆಯ ಕಡೆಯವರು ಬಂದು ಅಪ್ಪಣೆಯ ಓಲೆ ಹಿಂದಕ್ಕೆ ಪಡೆದು, ಹಸಿರುಮನೆಯ ಕದ ಬಿಚ್ಚಿಕೊಂಡು ಹೋದರು. ಹೆಂಡತಿ ದೀಪಾವಳಿಯವರೆಗೆ ಬದುಕಿದಳು. ನೋವು ತಿಂದೇ ಹೋದಳು. ಕಿಟಕಿಯಿಂದ ತಾನು ಹೇಳಿದ್ದ ಮಾತನ್ನು ಅವಳು ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಮಾಸ್ತರನಿಗೆ ಸ್ವಲ್ಪ ಹಗುರಾಗುತ್ತಿತ್ತು. ಅವಳು ಅವನ ಕೈಯನ್ನು ಹಿಡಿದುಕೊಂಡು, ನೀವು ಬೇಕಂತ ಮಾಡಲಿಲ್ಲ ಎನ್ನುತ್ತಿದ್ದಳು.

ಕತೆ ಮುಗಿಸಿ ಅಜ್ಜ ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಮೊದಲು ಬಾಯಿ ಬಿಟ್ಟವನು ಅಡಿವೆಪ್ಪನೇ.

“ಮಾಸ್ತರಂದ ತಪ್ಪು ಬಿಡ್ರಿ ಅಜ್ಜಾರ. ಮುದುಕಿ ಅವಗ ಗುರು ಇದ್ದಂಗ, ಆಕಿ ಹೇಳಿದ್ದನ್ನ ನೆಟ್ಟಗ ತಿಳಕೋಬೇಕಾಗಿತ್ತು. ತಿಳೀಲಿಲ್ಲ ಅಂದ್ರ ಕೇಳಬೇಕಾಗಿತ್ತು.”

ಅಜ್ಜ ಅವನ ಭುಜದ ಮೇಲೆ ಕೈಯಿಟ್ಟರು.

“ಮುದುಕಿಯ ತಪ್ಪು ನನ್ನ ಪಾಲಿಗೆ ಇರಲಿ, ನಾನೂ ಹೆಸರಷ್ಟ ಹೇಳಿದೆ, ಗಿಡ ತೋರಸಲಿಲ್ಲ. ನೀ ಹೇಳು ಅಡಿವೆಪ್ಪಾ, ನಿಮ್ಮ ಅಕ್ಕನ್ನ ಏನಂತ ಹೆಸರಿಟ್ಟು ಕಿತ್ತಿ?”