ಹನ್ನೆರಡು ಅರಸರ ಹೆಸರು

"ಮಂದರಾವತಿಯ ಜನರೆಲ್ಲ ಕೇಳಿ! ಅರಮನೆಯ ಕಂಪ್ಯೂಟರ್ ಬೆಳಗ್ಗೆ ಶುರುವಾಗಲು ಎರಡು ಗಳಿಗೆ ಹಿಡಿಯುತ್ತಿದೆ. ಅದು ಶುರುವಾಗದೆ ಕಣಜದ ಬಾಗಿಲು ತೆರೆಯುವುದಿಲ್ಲ. ಅದನ್ನು ನೋಡಿಕೊಳ್ಳುವ ದುಗ್ಗಮ್ಮನೇ ಇದಕ್ಕೆ ಕಾರಣವೆಂದು ಅವಳನ್ನು ಸೆರೆಗೆ ಹಾಕಲಾಗಿದೆ. ಅಮಾವಾಸ್ಯೆಗೆ ಅವಳ ತಲೆ ತೆಗೆಯಲಾಗುವುದು. ಮಹಾರಾಜರ ಮೂರು ಒಗಟು ಬಿಡಿಸಿ ಯಂತ್ರವನ್ನು ಬೇಗ ಎಬ್ಬಿಸಿದವರಿಗೆ ಕೇಳಿದ್ದನ್ನು ಕೊಡಲಾಗುವುದು. ತಪ್ಪಿದವರ ತಲೆಯೂ ಅದೇ ಅಮಾವಾಸ್ಯೆಗೆ!"

ಡಂಗುರದವನು ಹೀಗೆ ಸಾರಿ ಮುಂದಿನ ಬೀದಿಗೆ ಹೋದ. ಅಲ್ಲಾ, ಯಂತ್ರ ತಡವಾದರೆ ಹೆಂಗಸಿನ ತಲೆ ತೆಗೆಯೋದು ಯಾವ ಸೀಮೆ ನ್ಯಾಯ ಅಂತ ನೀವು ಕೇಳಬಹುದು. ಓಲೆಕಾರ ಬೈರನೂ ಅದನ್ನೇ ಕೇಳಿದ, ನಡುಬೀದಿಯಲ್ಲಿ ನಿಂತು, ಗಟ್ಟಿಯಾಗಿ. ಯಾಕಂದ್ರೆ ದುಗ್ಗಮ್ಮ ಅವನ ಹೆತ್ತವ್ವ. ಅಮಾವಾಸ್ಯೆಗೆ ಇನ್ನು ಐದೇ ದಿನ ಇತ್ತು.

ಅವನಿಗಿಂತ ಮೊದಲು ದೊಡ್ಡವರಿಬ್ಬರು ನುಗ್ಗಿದರು. ಜೋಯಿಸ ಶಂಭುಭಟ್ಟರಿಗೆ ರಾಜ ಚಂಡಕೇತು ಮೊದಲ ಒಗಟು ಹಾಕಿದ: ಎದ್ದು ಕೂತಿದೆ, ಕೆಲಸ ಮಾಡುತ್ತಿಲ್ಲ, ಕಣ್ಣು ಬಿಟ್ಟಿದೆ, ನಿದ್ದೆಯಲ್ಲೂ ಇಲ್ಲ, ಹಾಗಾದರೆ ಏನು ಮಾಡುತ್ತಿದೆ? ಭಟ್ಟರು ಕವಡೆ ಚೆಲ್ಲಿ, ಶನಿಕಾಟ ಅನುಭವಿಸುತ್ತಿದೆ ಅಂದರು. ಶಾಂತಿ ಮಾಡಿಸಿದ್ದೂ ಆಯಿತು, ಯಂತ್ರ ಎರಡು ಗಳಿಗೆಗೇ ಎದ್ದಿತು. ಭಟ್ಟರು ಸೆರೆಗೆ ಹೋದರು.

ಆಮೇಲೆ ಬಂದ ರತ್ನಸೆಟ್ಟಿ. ಒಗಟೂ ಬೇಡ ಗಿಗಟೂ ಬೇಡ, ಯಂತ್ರ ಮುದಿಯಾಗಿದೆ ಅಷ್ಟೆ ಅಂತ ಹಡಗಿನಿಂದ ಇಳಿದ ಹೊಚ್ಚ ಹೊಸದೊಂದನ್ನೇ ತಂದಿಟ್ಟ. ಅರಮನೆಯ ಗುಮಾಸ್ತರು ಹಳೆಯದರಲ್ಲಿದ್ದದ್ದನ್ನೆಲ್ಲ ಒಂದಕ್ಷರ ಬಿಡದೆ ಹೊಸದಕ್ಕೆ ಇಳಿಸಿದರು. ಮರುದಿನ ಅದೂ ಎರಡು ಗಳಿಗೆಗೇ ಎದ್ದಿತು. ರಾಜ ಅದನ್ನೇ ಎರಡನೆಯ ಒಗಟು ಮಾಡಿ ಕೇಳಿದ: ಮೈ ಹೊಸದು, ರೋಗ ಹಳೆಯದು, ಯಾರು ಹೊತ್ತು ತಂದರು? ಸೆಟ್ಟಿ ಹಡಗಿನವರನ್ನು ದೂರಿದ. ಅವನೂ ಒಳಗೆ.

ಅಷ್ಟರಲ್ಲಿ ಎರಡೂ ಒಗಟು ಊರೆಲ್ಲ ಹರಡಿದ್ದವು. ಅಮಾವಾಸ್ಯೆಯ ಬೆಳಗ್ಗೆ ಬೈರ ಧೂಳುಗಾಲಲ್ಲೇ ಆಸ್ಥಾನಕ್ಕೆ ಬಂದ. ಕಾವಲಿನವರು ನಕ್ಕರು. ನಗಲಿ ಬಿಡಿ. ಅವನು ಕೇಳಿದ್ದು ಒಂದೇ, ಯಂತ್ರ ಏಳುವುದನ್ನು ಕಣ್ಣಾರೆ ನೋಡಬೇಕು. ಪರದೆಯ ಮುಂದೆ ಕೂತ. ಅಲ್ಲಿ ಚಕ್ರವೊಂದು ಸುತ್ತುತ್ತಿತ್ತು, ಅದರ ಕೆಳಗೆ ಅಕ್ಷರ ಮೂಡಿತು: 'ಹಿರಿಗಿರಿಯ ಅರಸರನ್ನು ಹುಡುಕಲಾಗುತ್ತಿದೆ.' ಬಹಳ ಹೊತ್ತಾದ ಮೇಲೆ 'ಉತ್ತರವಿಲ್ಲ' ಅಂತ ಬಂತು. ಮತ್ತೆ ಅದೇ ಹಿರಿಗಿರಿ. ಮೂರು ಸಲ ಹೀಗಾಗಿ, ಆಮೇಲೆ ಕೋಟೆಹಾಳದ ಅರಸರ ಸರದಿ.

ಬೈರ ಕೂತಲ್ಲಿಂದ ಎದ್ದುನಿಂತ. ಇದು ತನ್ನದೇ ಕಸುಬು! ಮಂದರಾವತಿಯ ಓಲೆಕಾರ ಪ್ರತಿ ಬಾಗಿಲಲ್ಲೂ ಮೂರು ಸಲ ಕೂಗಬೇಕು, ಒಂದೊಂದು ಕೂಗಿಗೂ ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು ಕಾಯಬೇಕು. ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ಮನೆ ಬಿದ್ದುಹೋಗಿದ್ದರೂ ಕೂಗಲೇಬೇಕು. ಹಾಳುಗೋಡೆಯ ಮುಂದೆ ನಿಂತು ಕೂಗಿ ಕೂಗಿ ಅವನಿಗೆ ಸಾಕಾಗಿತ್ತು.

ಸುತ್ತ ನೋಡಿದ. ಮಂತ್ರಿ, ಗುಮಾಸ್ತರು ಎಲ್ಲರೂ ತಲೆ ತಗ್ಗಿಸಿದ್ದರು. ಪರದೆಯನ್ನು ದಿನಾ ಓದಿದವರೇ ಅವರು. ಬಾಯಿ ಬಿಡುವ ಧೈರ್ಯ ಮಾತ್ರ ಒಬ್ಬರಿಗೂ ಇರಲಿಲ್ಲ. ಅದನ್ನು ಕಂಡು ಬೈರನಿಗೆ ಹೆದರಿಕೆ ಹೋಗಿ ಸಿಟ್ಟು ಬಂತು.

"ಮೊದಲನೆಯದಕ್ಕೆ ಉತ್ತರ, ಅದು ಕಾಯ್ತಾ ಇದೆ," ಅಂದ. "ಎರಡನೆಯದಕ್ಕೆ, ರೋಗ ಹೊತ್ತು ತಂದವರು ನಿಮ್ಮ ಗುಮಾಸ್ತರು. ಯಂತ್ರ ಬದಲಾಯ್ತು, ಅದರೊಳಗಿನ ಪಟ್ಟಿ ಬದಲಾಗಲಿಲ್ಲ. ಮೂರನೆಯದು ಕೇಳಿ."

ಚಂಡಕೇತು ಹಲ್ಲು ಕಡಿಯುತ್ತ ಕೇಳಿದ: ಯಾರೂ ಕರೆಯಲಿಲ್ಲ, ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೂ ದಿನಾ ಬೆಳಗ್ಗೆ ಕಣಜದ ಬಾಗಿಲಿಗೆ ಅಡ್ಡ ನಿಲ್ಲುತ್ತಾನೆ, ಅವನು ಯಾರು?

"ನೀವೇ, ಮಹಾಸ್ವಾಮಿ."

ಬೈರ ನಿಲ್ಲಿಸಲಿಲ್ಲ. ಹಿಂದೆ ಹನ್ನೆರಡು ಅರಸರು ನಿಮಗೆ ತಲೆಬಾಗಿದ್ದರು, ಅವರ ಊರುಗಳಿಗೆಲ್ಲ ತಂತಿ ಎಳೆಸಿ ಜಾಲ ಕಟ್ಟಿಸಿದಿರಿ, ಅದಕ್ಕೆ ಬೇಕಾದ ಸೆಟ್ಟಿಂಗ್ ಎಲ್ಲ ಈ ಯಂತ್ರದಲ್ಲಿ ಬರೆಸಿದಿರಿ ಅಂದ. ಈಗ ತಂತಿಯೂ ಇಲ್ಲ, ಆ ಅರಸರೂ ನಿಮ್ಮನ್ನು ಬಿಟ್ಟುಹೋದರು, ಸೆಟ್ಟಿಂಗ್ ಮಾತ್ರ ಹಾಗೇ ಉಳಿದಿದೆ. ಯಂತ್ರ ಪಾಪ ಹನ್ನೆರಡು ಜನರನ್ನೂ ಮೂರು ಮೂರು ಸಲ ಕೂಗಿ, ಕಾದು, ಸೋತು, ಆಮೇಲೆ ಬಾಗಿಲು ತೆಗೆಯುತ್ತದೆ. ಅವರು ಹೋದರು ಅಂತ ಒಪ್ಪಿಕೊಳ್ಳೋಕೆ ನಿಮಗೆ ನಾಚಿಕೆ. ಅದಕ್ಕೆ ಊರಿನ ಬಾಣಂತಿಯರೂ ಮುದುಕರೂ ದಿನಾ ಎರಡು ಗಳಿಗೆ ಬಿಸಿಲಲ್ಲಿ ನಿಲ್ಲಬೇಕು.

ರಾಜ ಕತ್ತಿ ಹಿರಿದು ಸಿಂಹಾಸನದಿಂದ ಇಳಿದ.

"ತಲೆ ಆಮೇಲೆ ತೆಗೀರಿ," ಅಂದ ಬೈರ. "ಮೊದಲು ಆ ಹೆಸರು ತೆಗೀರಿ. ನಾನು ಹೇಳಿದ್ದು ಸುಳ್ಳಾದರೆ ಇಲ್ಲೇ ಇದೀನಿ, ಎಲ್ಲೂ ಓಡಿಹೋಗಲ್ಲ."

ಕತ್ತಿ ಎತ್ತಿದಂತೆಯೇ ಇತ್ತು. ರಾಜ ಪರದೆ ನೋಡಿದ, ಆಮೇಲೆ ಗುಮಾಸ್ತನಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಗುಮಾಸ್ತ ಹುಡುಕಾಟವನ್ನು ನಡುವೆಯೇ ನಿಲ್ಲಿಸಿ, ಹನ್ನೆರಡೂ ಹೆಸರು ಅಳಿಸಿ, ಯಂತ್ರ ಆರಿಸಿ ಮತ್ತೆ ಹಚ್ಚಿದ. ಚಕ್ರ ನಾಲ್ಕು ಸುತ್ತು ಸುತ್ತಿತು, ಅಷ್ಟೇ. ಹೊರಗೆ ಕಣಜದ ಬಾಗಿಲು ದಡಾರನೆ ತೆರೆಯಿತು. ಸಾಲಿನಲ್ಲಿದ್ದ ಜನ ಮೊದಲು ನಂಬಲಿಲ್ಲ, ಆಮೇಲೆ ಹೋ ಅಂತ ಕೂಗಿದರು.

ಆ ಕೂಗು ಕೇಳಿದ ಮೇಲೆ ಕತ್ತಿ ಬೀಸುವುದು ಹೇಗೆ? ರಾಜ ಅದನ್ನು ಒರೆಗೆ ಸೇರಿಸಿ, ಸೆರೆಯ ಬಾಗಿಲು ತೆಗೆಸಿದ. ಭಟ್ಟರೂ ಸೆಟ್ಟಿಯೂ ಬದುಕಿದೆವು ಅಂತ ಹೊರಗೋಡಿದರು. ದುಗ್ಗಮ್ಮನನ್ನು ಕರೆತಂದರು. ಅವಳು ಪರದೆಯನ್ನೂ ಮಗನನ್ನೂ ನೋಡಿ, ಇದನ್ನೇ ಅಲ್ವಾ ನಾನು ಆವತ್ತು ನಿಮ್ಮ ಕೋಣೆಯಲ್ಲಿ ಹೇಳಿದ್ದು ಅಂತ ರಾಜನನ್ನು ಕೇಳಿದಳು. ರಾಜ ಮುಖ ತಿರುಗಿಸಿದ.

ಬೈರನಿಗೆ ಆಗಲೇ ಎಲ್ಲ ತಿಳಿದದ್ದು. ಅವ್ವ ಸೆರೆಗೆ ಹೋದದ್ದು ಯಂತ್ರ ತಡವಾದದ್ದಕ್ಕಲ್ಲ, ನಿಜ ಹೇಳಿದ್ದಕ್ಕೆ.

ಅರ್ಧ ರಾಜ್ಯ ಕೇಳು, ಕೊಡುತ್ತೇನೆ ಅಂದ ರಾಜ. ಅರ್ಧ ರಾಜ್ಯ ಇಟ್ಟುಕೊಂಡು ಓಲೆಕಾರ ಏನು ಮಾಡಲಿ ಅಂದ ಬೈರ.

"ನಮ್ಮವ್ವನ ಹತ್ರ ತಪ್ಪಾಯ್ತು ಅನ್ನಿ. ಅಷ್ಟು ಸಾಕು."

ಹುಟ್ಟಿದಂದಿನಿಂದ ಆ ಮಾತು ಆಡದ ಬಾಯಿ ಅದು. ಮಂತ್ರಿ ಮುಂದೆ ಬಂದು ಚಿನ್ನದ ಆಸೆ ತೋರಿಸಿದ, ಬೈರ ಅವನತ್ತ ತಿರುಗಲೂ ಇಲ್ಲ. ಕೊನೆಗೆ ಚಂಡಕೇತು ನೆಲ ನೋಡುತ್ತ, ತುಟಿಯೊಳಗೇ, ತಪ್ಪಾಯಿತು ದುಗ್ಗಮ್ಮ ಅಂದ.

"ಹೊರಗಿನ ಸಾಲಿನವರಿಗೆ ಕೇಳಿಸಲಿಲ್ಲ," ಅಂದ ಬೈರ.

ರಾಜ ಅವನನ್ನು ನೋಡಿದ, ದುಗ್ಗಮ್ಮನನ್ನು ನೋಡಿದ. ಆಮೇಲೆ ಮೆಟ್ಟಿಲಿಳಿದು, ಕಣಜದ ಮುಂದೆ ಚೀಲ ಹಿಡಿದು ನಿಂತಿದ್ದ ಜನರ ನಡುವೆ ಹೋಗಿ, ಇನ್ನೊಂದು ಸಲ ಹೇಳಿದ.