ಅಜ್ಜನ ಜೋಕಾಲಿ, ನರಿಯ ಜಾರುಬಂಡೆ

ಒಂದು ಕಾಡಿನಲ್ಲಿ, ದೊಡ್ಡ ಹುಣಸೆಮರದ ಬುಡದಲ್ಲಿ, ಸೂಜವ್ವ ಅನ್ನುವ ಮುಳ್ಳುಹಂದಿಯ ಬಿಲವಿತ್ತು. ಬಿಲ ಅಂತ ಮೂಗು ಮುರಿಯಬೇಡಿ ಮತ್ತೆ! ಅದಕ್ಕೆ ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು, ನಡುವೆ ಬೆಚ್ಚಗಿನ ಕೋಣೆ. ಅದನ್ನು ತೋಡಿದವನು ಸೂಜವ್ವನ ಅಪ್ಪ ದಬ್ಬಣಪ್ಪ.

ದಬ್ಬಣಪ್ಪನಂಥ ಅಪ್ಪ ಆ ಕಾಡಿನಲ್ಲೇ ಇರಲಿಲ್ಲ. ಕೈಗೆ ಏನು ಸಿಕ್ಕಿದರೂ ಅದು ಮಕ್ಕಳ ಆಟದ ಸಾಮಾನಾಗುತ್ತಿತ್ತು. ಒಣಗಿದ ಕಾಯಿ ಸಿಕ್ಕಿದರೆ ಗಿಲಕಿ. ತಾಳೆಹಣ್ಣಿನ ಚಿಪ್ಪು ಸಿಕ್ಕಿದರೆ ಬಂಡಿ. ಬಿದಿರಿನ ತುಂಡು ಸಿಕ್ಕಿದರೆ ನೀರು ಚಿಮ್ಮಿಸುವ ಕೊಳವೆ. ಮೊಳೆ ಎಲ್ಲಿಂದ ತರುತ್ತಿದ್ದ ಅಂತೀರಾ? ಉದುರಿದ ತನ್ನ ಮುಳ್ಳುಗಳನ್ನೇ ಒಂದು ಸೋರೆಬುರುಡೆಯಲ್ಲಿ ಕೂಡಿಡುತ್ತಿದ್ದ. ಅವೇ ಅವನ ಮೊಳೆ. ಅವನು ಕೆಲಸಕ್ಕೆ ಕೂತರೆ ಮಕ್ಕಳೆಲ್ಲ ಕಾಲಿಗೆ ತೊಡರಿಕೊಳ್ಳುತ್ತಿದ್ದರು. "ಅಪ್ಪಾ, ನಾನು ಹಿಡ್ಕೋತೀನಿ!" "ಅಪ್ಪಾ, ನಾನು ಗಂಟು ಹಾಕ್ತೀನಿ!" ಅಂತ ಒಂದೇ ಗಲಾಟೆ. ಅವನು ಒಂದು ದಿನವೂ ಗದರಲಿಲ್ಲ.

ಆದರೆ ಅವನದೊಂದು ಕಟ್ಟಳೆ ಇತ್ತು. ಹತ್ತುವ, ಕೂರುವ ಆಟದ ಸಾಮಾನಾದರೆ, ಮಾಡಿದವರೇ ಮೊದಲು ಕೂರಬೇಕು. ಹಾಗೆ ಜೋಕಾಲಿ ಕಟ್ಟಿದ ದಿನ ದಬ್ಬಣಪ್ಪನೇ ಮೊದಲು ಕೂತ. ಬಳ್ಳಿ ಪಟ್ ಅಂತ ಹರಿಯಿತು. ಹಲಸಿನಹಣ್ಣು ಬಿದ್ದ ಹಾಗೆ ಧೊಪ್ಪನೆ ಬಿದ್ದ! ಮಕ್ಕಳು ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡರು. ಅವನು ಸೊಂಟ ಉಜ್ಜಿಕೊಳ್ಳುತ್ತ, "ಬಿದ್ದದ್ದು ನಾನು ತಾನೇ? ನಿಮ್ಮ ಸೊಂಟ ನೆಟ್ಟಗಿದೆಯಲ್ಲ, ಅಷ್ಟು ಸಾಕು ಬಿಡಿ" ಅಂದ. ಮತ್ತೆ ಬೇರೆ ಬಳ್ಳಿ ತಂದು ಕಟ್ಟಿದ.

ಅದೆಲ್ಲ ಹಳೇ ಮಾತು. ದಬ್ಬಣಪ್ಪ ಈಗ ಇಲ್ಲ. ಅವನು ಮಾಡಿದ ಬಂಡಿಗೆ ಗೆದ್ದಲು ಹಿಡಿಯಿತು. ಜೋಕಾಲಿಯ ಬಳ್ಳಿ ಕೊಳೆತುಹೋಯಿತು. ಉಳಿದದ್ದು ಅದರ ಹಲಗೆಯೊಂದೇ. ಸೂಜವ್ವ ಅದರ ಮೇಲೆ ಮೂತಿ ಇಟ್ಟು ಮಲಗಿದರೆ ಅವಳಿಗೆ ಅಪ್ಪನ ವಾಸನೆ ಬಂದಂತಾಗುತ್ತಿತ್ತು, ಕಣ್ಣು ತುಂಬುತ್ತಿತ್ತು.

ಸೂಜವ್ವನಿಗೆ ಇಬ್ಬರು ಮಕ್ಕಳು. ಮಗಳು ಚೂಪಿ, ಮಗ ಮೊಂಡ. ಗಂಡ ಗುಡ್ಡದಾಚೆ ಗೆಣಸು ಹುಡುಕಲು ಹೋಗಿದ್ದ. ಒಂದು ಸಂಜೆ ಮಕ್ಕಳು ಹಟ ಹಿಡಿದರು.

"ಅವ್ವಾ, ಅಜ್ಜ ನಿನಗೆ ಜೋಕಾಲಿ ಕಟ್ಟಿದ್ದನಂತೆ. ನಮಗೂ ಕಟ್ಟು!"

ಸೂಜವ್ವ ಹುರುಪಿನಿಂದ ಕೂತಳು. ಒಂದು ಬಳ್ಳಿ ಗಿಡ್ಡವಾಯಿತು, ಇನ್ನೊಂದು ಉದ್ದವಾಯಿತು. ಹಲಗೆ ಕುಂಟನ ಹಾಗೆ ಒಂದು ಕಡೆ ವಾಲಿತು. ಮಕ್ಕಳ ಮುಖ ಬಾಡಿತು.

"ಸೊಟ್ಟಗಿದೆಯಲ್ಲವ್ವಾ..." ಅಂದ ಮೊಂಡ.

ಸೂಜವ್ವನಿಗೆ ನಾಚಿಕೆಯಾಯಿತು. ಅಪ್ಪನ ಕೈ ನನಗೆಲ್ಲಿ ಬರಬೇಕು ಅಂತ ಹಲಗೆಯನ್ನು ಬಿಚ್ಚಿ ಒಳಗಿಟ್ಟಳು.

ಇದನ್ನೆಲ್ಲ ಪೊದೆಯ ಮರೆಯಿಂದ ಒಂದು ನರಿ ನೋಡುತ್ತಿತ್ತು. ಆ ಎರಡು ಮರಿಗಳ ಮೇಲೆ ಅದು ಎಂದೋ ಕಣ್ಣು ಹಾಕಿತ್ತು. ಮರಿಗಳ ಮುಳ್ಳು ಇನ್ನೂ ಮೆತ್ತಗಿತ್ತು ನೋಡಿ! ಆದರೆ ಬಾಗಿಲಲ್ಲಿ ಸೂಜವ್ವ ಬೆನ್ನು ತಿರುಗಿಸಿ ನಿಂತರೆ ಹುಲಿಗೂ ಒಳಗೆ ಹೋಗಲು ಆಗುತ್ತಿರಲಿಲ್ಲ. ಮರುದಿನವೇ ನರಿ ಹಲ್ಲು ಕಿರಿಯುತ್ತ ಬಂದಿತು.

"ಏನಕ್ಕಾ, ಮಕ್ಕಳ ಮುಖ ಸಣ್ಣಗಾಗಿದೆ? ಆ ಹಳೇ ಹಲಗೆ ಯಾವ ಕಾಲದ್ದು, ಎಸೆಯಿರಿ ಅತ್ಲಾಗೆ! ನಾನೇ ಒಂದು ಜಾರುಬಂಡೆ ಮಾಡಿಕೊಡ್ತೀನಿ. ನಿಮ್ಮ ಹಿಂದಿನ ಬಾಗಿಲಿಂದ ಜಾರಿದರೆ ಝುಯ್ ಅಂತ ಕೆಳಗೆ, ಮೆತ್ತನೆ ತರಗೆಲೆ ಮೇಲೆ!"

ಮಕ್ಕಳು ಕುಣಿದಾಡಿದರು. "ಅವ್ವಾ, ಹೂಂ ಅನ್ನು! ನರಿಮಾಮ ಮಾಡಲಿ!"

"ಸುಮ್ಮನೆ ನಿನಗ್ಯಾಕಣ್ಣಾ ತೊಂದರೆ?" ಅಂದಳು ಸೂಜವ್ವ.

"ಮಕ್ಕಳ ಆಟಕ್ಕೆ ತೊಂದರೆ ಅಂತಾರೇನಕ್ಕಾ? ಆದರೆ ಮುಗಿಯುವವರೆಗೆ ಯಾರೂ ಇಣುಕಬಾರದು. ಕೆಲಸಕ್ಕೆ ಮಕ್ಕಳು ಅಡ್ಡ ಬಂದರೆ ನನಗಾಗಲ್ಲ."

ನರಿ ಕೆಲಸ ಶುರುಮಾಡಿತು. ಹಿಂದಿನ ಬಾಗಿಲಿಂದ ಇಳಿಜಾರಿಗೆ ಜೇಡಿಮಣ್ಣು ಮೆತ್ತಿ ನುಣ್ಣಗೆ ಸವರಿತು. ಕೆಳಗೆ ಒಂದು ಆಳವಾದ ಗುಂಡಿ ತೋಡಿತು. ಬಿದ್ದವರು ಹತ್ತಬಾರದೆಂದು ಗುಂಡಿಯ ಗೋಡೆಗೂ ಜೇಡಿಮಣ್ಣು ಮೆತ್ತಿತು. ಮೇಲೆ ಕಡ್ಡಿ ಹರವಿ, ತರಗೆಲೆ ಮುಚ್ಚಿತು. ಮರಿಗಳು ಬಿದ್ದ ಮೇಲೆ ತಾನು ಮಾತ್ರ ಇಳಿದು ಹತ್ತಲು ಒಂದು ಗಟ್ಟಿ ಬಳ್ಳಿಯನ್ನು ಪಕ್ಕದ ಪೊದೆಯಲ್ಲಿ ಬಚ್ಚಿಟ್ಟಿತು. ಎಂಥ ಕಿಲಾಡಿ!

ಒಳಗೆ ಮಕ್ಕಳು ಕೆರೆಯುವ ಸದ್ದು ಕೇಳುತ್ತ ಬೇಜಾರಿನಿಂದ ಕೂತಿದ್ದರು. ಸೂಜವ್ವನಿಗೆ ಯಾಕೋ ಕಸಿವಿಸಿಯಾಯಿತು. ಅಪ್ಪ ಕೆಲಸ ಮಾಡುವಾಗ ನಾವು ಹೀಗೆ ಸುಮ್ಮನೆ ಕೂತದ್ದೇ ಇಲ್ಲವಲ್ಲ ಅಂದುಕೊಂಡಳು.

"ಬನ್ನಿ ಮಕ್ಕಳೇ!" ಅಂತ ನರಿ ಕೂಗಿತು.

ಚೂಪಿ ಮತ್ತು ಮೊಂಡ ಓಡಿದರು. ಜಾರುಬಂಡೆ ಬಿಸಿಲಿಗೆ ಮಿರಮಿರ ಮಿಂಚುತ್ತಿತ್ತು. ಮೊಂಡ ಆಗಲೇ ಅದರ ತುದಿಯಲ್ಲಿ ಕುಕ್ಕರಿಸಿದ್ದ. ಅದನ್ನು ನೋಡಿದ್ದೇ ಸೂಜವ್ವನಿಗೆ ಅಪ್ಪನ ನೆನಪು ಉಕ್ಕಿ ಬಂತು.

"ತಡಿಯೋ ಮೊಂಡಾ! ನಮ್ಮ ಮನೆಯಲ್ಲಿ ಮಾಡಿದವರೇ ಮೊದಲು ಕೂರೋದು. ನರಿಯಣ್ಣಾ, ನೀನು ಜಾರು."

ನರಿಯ ಮುಖ ಪೆಚ್ಚಾಯಿತು. "ನಾನಾ? ಅಯ್ಯೋ, ನನಗೆ ಸೊಂಟನೋವು ಅಕ್ಕಾ."

"ನಿನ್ನೆಯಿಂದ ಮಣ್ಣು ಹೊತ್ತೆಯಲ್ಲ, ಆಗ ಇರಲಿಲ್ಲವೇ ಸೊಂಟನೋವು?"

"ಅದು... ದೊಡ್ಡವರು ಕೂತರೆ ಮುರಿಯುತ್ತೆ."

"ಮಣ್ಣಿನ ಜಾರುಬಂಡೆ ಹೇಗೆ ಮುರಿಯುತ್ತೆ ಮಾಮಾ?" ಅಂದಳು ಚೂಪಿ.

ನರಿ ಬೆವರಿತು. ಒಮ್ಮೆ ಕೆಳಗಿನ ತರಗೆಲೆ ನೋಡಿತು, ಒಮ್ಮೆ ಪೊದೆ ನೋಡಿತು. ಏನೋ ಮೋಸವಿದೆ ಅಂತ ಸೂಜವ್ವನಿಗೆ ಹೊಳೆಯಿತು. ಮೊಂಡನನ್ನು ಒಳಗೆಳೆದುಕೊಂಡಳು. ಬೆನ್ನು ತಿರುಗಿಸಿ, ಮುಳ್ಳು ನಿಮಿರಿಸಿ, ಬಾಲದ ಗಿಲಕಿಮುಳ್ಳು ಅಲ್ಲಾಡಿಸಿದಳು. ಛರ್ ಛರ್!

"ಕೂತ್ಕೋ ನರಿಯಣ್ಣಾ," ಅನ್ನುತ್ತ ನರಿಯ ಕಡೆಗೆ ಹಿಂದೆ ಹಿಂದೆ ನಡೆದಳು.

ನರಿಯೂ ಹಿಂದೆ ಸರಿಯಿತು. ಇನ್ನೊಂದು ಹೆಜ್ಜೆ ಇಟ್ಟಿದ್ದೇ ತಡ, ನುಣ್ಣನೆ ಜೇಡಿಮಣ್ಣು ಕಾಲಡಿಯಲ್ಲಿ ಜಾರಿತು. ಝುಯ್! ತರಗೆಲೆ ಹಾರಿತು. ಕಡ್ಡಿ ಲಟಲಟ ಮುರಿಯಿತು. ಧೊಪ್!

ಸೂಜವ್ವ ಬಗ್ಗಿ ನೋಡಿದಳು. ಅಷ್ಟು ಆಳದ ಗುಂಡಿ! ಅಲ್ಲಿ ಬೀಳಬೇಕಿದ್ದದ್ದು ತನ್ನ ಮಕ್ಕಳು ಅಂತ ಅವಳಿಗೆ ಗೊತ್ತಾಯಿತು. ಇಬ್ಬರ ಮೂತಿಗೂ ಮೂತಿ ಉಜ್ಜಿ ಅತ್ತುಬಿಟ್ಟಳು.

"ಅಕ್ಕಾ, ದಮ್ಮಯ್ಯ!" ಕೆಳಗಿಂದ ನರಿ ಗೋಳಾಡಿತು. "ಆ ಪೊದೆಯಲ್ಲಿ ಬಳ್ಳಿ ಇದೆ, ಇಳಿಬಿಡು!"

"ಅಲ್ಲಿ ಬಳ್ಳಿ ಯಾಕೆ ಇಟ್ಟಿದ್ದೆ?"

ಸೂಜವ್ವ ಬಳ್ಳಿ ಎಳೆದು ನೋಡಿದಳು. ಒಳ್ಳೇ ಗಟ್ಟಿ ಬಳ್ಳಿ.

"ಚೂಪಿ, ಹಲಗೆ ತಾ. ಮೊಂಡ, ಅಜ್ಜನ ಸೋರೆಬುರುಡೆ ತಾ. ನಮ್ಮ ಜೋಕಾಲಿಗೆ ಇಂಥದ್ದೇ ಬೇಕಿತ್ತು."

ಬುರುಡೆಯ ತಳದಲ್ಲಿ ದಬ್ಬಣಪ್ಪನ ಒಂದು ಮುಳ್ಳು ಉಳಿದಿತ್ತು. ಬಳ್ಳಿ ಜಾರದಂತೆ ಅದನ್ನೇ ಹಲಗೆಗೆ ಬಡಿದರು. ಚೂಪಿ ಹಿಡಿದಳು, ಮೊಂಡ ಗಂಟು ಹಾಕಿದ. ಜೋಕಾಲಿ ಈ ಸಲವೂ ಸ್ವಲ್ಪ ಸೊಟ್ಟಗೇ ಆಯಿತು. ಮಕ್ಕಳು ಮಾತ್ರ ಸೊಟ್ಟ ಅನ್ನಲಿಲ್ಲ. ಅದರಲ್ಲಿ ಅವರ ಕೈಯೂ ಇತ್ತಲ್ಲ! ಸೂಜವ್ವ ಮೊದಲು ಕೂತಳು. ಮೊಂಡ ಹಾಕಿದ ಗಂಟು ಸರ್ರನೆ ಬಿಚ್ಚಿತು. ಧೊಪ್!

ಮಕ್ಕಳು ಬಿದ್ದು ಬಿದ್ದು ನಕ್ಕರು. ಸೂಜವ್ವನೂ ನಕ್ಕಳು. ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು.

"ಬಿದ್ದದ್ದು ನಾನು ತಾನೇ? ನಿಮ್ಮ ಸೊಂಟ ನೆಟ್ಟಗಿದೆಯಲ್ಲ, ಅಷ್ಟು ಸಾಕು ಬಿಡಿ" ಅಂದಳು. "ಬನ್ನಿ, ಮತ್ತೆ ಕಟ್ಟೋಣ."

ಮತ್ತೆ ಕಟ್ಟಿದರು. ಮಕ್ಕಳು ಕತ್ತಲಾಗುವವರೆಗೆ ಜೀಕಿದರು. ನರಿ ಉಗುರು ಸವೆಯುವಷ್ಟು ಗೋಡೆ ಕೆರೆದು, ಹೇಗೋ ಹತ್ತಿಕೊಂಡು, ಬಾಲ ಮುದುರಿ ಆ ಕಾಡನ್ನೇ ಬಿಟ್ಟು ಓಡಿತು.

ನೀತಿ: ತಾವು ಕೂರಲು ಹೆದರುವ ಕಡೆ ಬೇರೆಯವರ ಮಕ್ಕಳನ್ನು ಕೂರಿಸಲು ಬರುವವರನ್ನು ನಂಬಬಾರದು, ಮನೆಯವರೆಲ್ಲ ಸೇರಿ ಮಾಡಿದ್ದು ಸೊಟ್ಟಗಿದ್ದರೂ ಅದೇ ಮಕ್ಕಳಿಗೆ ಕ್ಷೇಮ.