ಅಧ್ಯಕ್ಷರ ಗೇಮಿಂಗ್ ಕಂಪ್ಯೂಟರ್

ದಾವಣಗೆರೆಯ ಕಂಪ್ಯೂಟರ್ ಅಂಗಡಿಯೊಂದರಲ್ಲಿ ನಸೀಮಾ ಬಿಡಿಭಾಗ ಜೋಡಿಸುವ ಕೆಲಸಕ್ಕಿದ್ದಳು. ಒಂದು ದಿನ ವರ್ತಕರ ಸಂಘದ ಅಧ್ಯಕ್ಷ ರುದ್ರಮುನಿಯವರು ಮೀಸೆ ತಿರುವುತ್ತ ಬಂದರು. ಮೊಮ್ಮಗಳ ಜೊತೆ ಕಾರ್ ರೇಸ್ ಆಡಲು ಅವರಿಗೊಂದು ಗೇಮಿಂಗ್ ಕಂಪ್ಯೂಟರ್ ಬೇಕಿತ್ತು.

“ಇರೋದರಲ್ಲೇ ದೊಡ್ಡ ಪ್ರೊಸೆಸರ್ ಹಾಕು. ಗ್ರಾಫಿಕ್ಸ್ ಕಾರ್ಡ್ ಯಾವುದೋ ಒಂದಿದ್ದರೆ ಸಾಕು.”

“ಆಟದ ಚಿತ್ರ ಮೂಡಿಸೋದು ಆ ಕಾರ್ಡೇ ಸಾರ್. ಎರಡೂ ಸರಿಜೋಡಿ ಇರಬೇಕು.”

“ನನಗೇ ಪಾಠ ಹೇಳ್ತೀಯಾ? ಹೇಳಿದಷ್ಟು ಮಾಡು!”

ಮಾಲೀಕ ಅವಳನ್ನು ಒಳಗೆ ಕರೆದು, “ಅವರು ಮುನಿಸಿಕೊಂಡರೆ ನಿನ್ನ ಕೆಲಸ ಹೋಯ್ತು” ಎಂದ. ಅವರು ಹೇಳಿದಂತೆ ಮಾಡಿದರೂ ನಾಳೆ ಬೈಗುಳ ತನಗೇ ಎಂದು ನಸೀಮಾಗೆ ಗೊತ್ತಿತ್ತು.

ಅವಳು ಒಂದೇ ಬೆಲೆಗೆ ಎರಡು ಕಂಪ್ಯೂಟರ್ ಜೋಡಿಸಿದಳು. ಒಂದು ಅಧ್ಯಕ್ಷರು ಹೇಳಿದ್ದು, ಇನ್ನೊಂದು ತನಗೆ ಸರಿ ಕಂಡದ್ದು. ಸಂಜೆ ಅವರು ಬಂದಾಗ ಯಾವುದು ಯಾವುದೆಂದು ಹೇಳದೆ ಕೈಮುಗಿದು, “ನಿಮ್ಮಂಥ ತಿಳಿದವರು ಎರಡನ್ನೂ ಆಡಿ ನೋಡಿ ತೀರ್ಪು ಕೊಡಬೇಕು ಸಾರ್” ಎಂದಳು.

ಮೊದಲನೆಯದರಲ್ಲಿ ಕಾರು ಕುಂಟುತ್ತ ಹೋಗಿ ಗೋಡೆಗೆ ಬಡಿಯಿತು. ಎರಡನೆಯದರಲ್ಲಿ ಬೆಣ್ಣೆಯ ಮೇಲೆ ಜಾರಿದಂತೆ ಓಡಿ ಗೆದ್ದೇಬಿಟ್ಟಿತು.

“ಆ ಮೊದಲನೇದನ್ನ ಹಾಗೆ ಜೋಡಿಸೋಕೆ ಹೇಳಿದ ಕತ್ತೆ ಯಾರು?” ಅಧ್ಯಕ್ಷರು ಗುಡುಗಿದರು.

ನಸೀಮಾ ತಲೆ ತಗ್ಗಿಸಿದಳು. “ಹೆಸರು ಹೇಳೋಕೆ ಭಯ ಸಾರ್.”

ಅಧ್ಯಕ್ಷರಿಗೆ ಅರ್ಥವಾಗಲು ಎರಡು ಕ್ಷಣ ಹಿಡಿಯಿತು. ಮುಖ ಕೆಂಪಾಯಿತು. ಆಮೇಲೆ ಗಂಟಲು ಸರಿಮಾಡಿಕೊಂಡು, “ನಿನ್ನನ್ನ ಪರೀಕ್ಷೆ ಮಾಡಿದೆ ಕಣಮ್ಮಾ” ಎಂದರು.

“ಪಾಸಾದೆನಾ ಸಾರ್?”

“ಪಾಸು, ಪಾಸು! ಎರಡನೇದನ್ನ ಪ್ಯಾಕ್ ಮಾಡು. ಕತ್ತೆ ವಿಷಯ ಮಾತ್ರ ಮೊಮ್ಮಗಳಿಗೆ ಗೊತ್ತಾಗಬಾರದು.”